ಮಡಕೆ ಹೊತ್ತವನು

ಅಣ್ಣ ತೀರಿಕೊಂಡ ಮುಂದಿನ ತಿಂಗಳು ಅವನ ಗೆಳೆಯರು ಜಯನಗರದ ಒಂದು ಸಭಾಂಗಣದಲ್ಲಿ ಶ್ರದ್ಧಾಂಜಲಿ ಇಟ್ಟುಕೊಂಡರು. ಅಣ್ಣ ರಂಗಭೂಮಿಯವನು. ವೇಷವಿಲ್ಲ, ಪರದೆಯಿಲ್ಲ, ಒಂದು ಕುರ್ಚಿಯ ಮೇಲೆ ಕೂತು ತನ್ನ ಬದುಕನ್ನೇ ಹೇಳುತ್ತಿದ್ದ. ಜನ ಟಿಕೆಟ್ ತಗೊಂಡು ಬಂದು ಅಳುತ್ತಿದ್ದರು. ಅವನ ಮಾತುಗಳನ್ನು ಈಗ ಬೇರೆ ನಟರು ಹೇಳುವುದು, ಕೊನೆಯಲ್ಲಿ ತಮ್ಮನಾದ ನಾನು ಎರಡು ಮಾತಾಡುವುದು ಎಂದು ಗೊತ್ತುಮಾಡಿದ್ದರು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಜರಗನಹಳ್ಳಿಯಲ್ಲಿ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ನನ್ನದು, ಯಾರ ಹಂಗಿಲ್ಲದೆ ಕಟ್ಟಿದ್ದು. ಭಾಷಣ ಬರುವುದಿಲ್ಲ. ಆದರೂ ಒಪ್ಪಿಕೊಂಡೆ. ಒಂದು ಮಾತು ವರ್ಷಗಳಿಂದ ಗಂಟಲಲ್ಲಿ ಕೂತಿತ್ತು.

ಅಣ್ಣನಿಗೆ ಹೆಸರು ತಂದದ್ದು ಅಪ್ಪನ ಸಾವಿನ ಕತೆ. ತೊಂಬತ್ತರ ದಶಕದ ಮೊದಲಲ್ಲಿ ಅಪ್ಪ ಹೋದಾಗ ಅಣ್ಣ ಯಾವುದೋ ತಂಡದ ಜೊತೆ ಧಾರವಾಡದ ಕಡೆ ಇದ್ದ. ಪಕ್ಕದ ಮನೆಯ ಫೋನಿನಿಂದ ಎಲ್ಲೆಲ್ಲಿಗೋ ಹೇಳಿ ಕಳಿಸಿದೆವು. ಹೆಣ ಕಾಯುತ್ತದೆಯೇ? ಹಿರಿಮಗ ಮಾಡಬೇಕಾದದ್ದನ್ನು ನಾನು ಮಾಡಿದೆ. ಒದ್ದೆ ಪಂಚೆಯಲ್ಲಿ ನೀರಿನ ಮಡಕೆ ಹೆಗಲಿಗಿಟ್ಟುಕೊಂಡು ಚಿತೆ ಸುತ್ತಿದೆ. ಪ್ರತಿ ಸುತ್ತಿಗೂ ಹಿಂದಿನಿಂದ ಒಬ್ಬರು ಮಡಕೆಗೆ ತೂತು ಹೊಡೆಯುತ್ತಾರೆ, ನೀರು ಬೆನ್ನಿಗೆ ಇಳಿಯುತ್ತದೆ. ಕೊನೆಗೆ ಮಡಕೆಯನ್ನು ಹಿಂದಕ್ಕೆ ಬೀಳಿಸಿ, ತಿರುಗಿ ನೋಡದೆ ಬರಬೇಕು. ಬಂದೆ.

ಅಣ್ಣ ಬಂದದ್ದು ಮೂರನೇ ದಿನ, ಹಾಲುತುಪ್ಪಕ್ಕೆ. ತಲೆ ಬೋಳಿಸಿಕೊಂಡು ನನ್ನ ಪಕ್ಕ ಕೂತ. ನೀರು ತಣ್ಣಗಿತ್ತಾ ಎಂದ, ಒಡೆದ ಸದ್ದು ಹೇಗಿತ್ತು ಎಂದ. ದುಃಖಕ್ಕೆ ಕೇಳುತ್ತಿದ್ದಾನೆ ಅಂದುಕೊಂಡು ಎಲ್ಲ ಹೇಳಿದೆ. ಚಿಕ್ಕವನಿದ್ದಾಗ ಅಪ್ಪ ಬೆನ್ನಿಗೆ ನೀರು ಹುಯ್ಯುತ್ತಿದ್ದದ್ದು ನೆನಪಾಯಿತು ಎಂಬುದನ್ನೂ ಹೇಳಿದೆ.

ಮುಂದೆ ಅವನ ಪ್ರದರ್ಶನಕ್ಕೆ ಹೋದರೆ, ಮಡಕೆ ಹೊತ್ತವನು ಅವನೇ. ಬೆನ್ನೂ ಅವನದೇ, ನೆನಪೂ ಅವನದೇ. ಮುಗಿದ ಮೇಲೆ ಒಳಗೆ ಹೋಗಿ, ಅದು ನಂದಲ್ವೇನಣ್ಣ ಎಂದು ಕೇಳಿದೆ. ಅವನು ಮುಖ ಒರೆಸಿಕೊಳ್ಳುತ್ತ, "ನೀನು ಯಾರಿಗೂ ಹೇಳೋನಲ್ಲ. ಹೇಳ್ದೇ ಇದ್ರೆ ಅದು ಯಾರ್ದೂ ಅಲ್ಲ ಕಣೋ" ಎಂದ. ಆಮೇಲೆ ಅವನ ಯಾವ ಪ್ರದರ್ಶನಕ್ಕೂ ನಾನು ಹೋಗಲಿಲ್ಲ.

ಶ್ರದ್ಧಾಂಜಲಿಗೆ ಅಮ್ಮನನ್ನೂ ಕರೆದುಕೊಂಡು ಹೋದೆ. ನಿಜ ಅವಳೆದುರಿಗೇ ಹೊರಬೀಳಲಿ ಎಂದು. ಅವಳು ಆ ಕತೆಯನ್ನು ಎಷ್ಟೋ ಸಲ ಕೇಳಿದ್ದಳು; ನಾಟಕವೆಂದು ತಿಳಿದೇ ಕೇಳುತ್ತಾಳೆ ಅಂತ ನಾನು ಅಂದುಕೊಂಡಿದ್ದೆ.

ವೇದಿಕೆಯ ಮೇಲೆ ಅಣ್ಣನ ಕುರ್ಚಿ, ಅದರ ಮೇಲೆ ಹಾರ ಹಾಕಿದ ಫೋಟೋ. ಪಕ್ಕದಲ್ಲಿ ನಿಂತ ನಟ ಹೇಳುತ್ತ ಹೇಳುತ್ತ ಅಪ್ಪನ ಸಾವಿನ ಕತೆಗೆ ಬಂದ. ಬೆನ್ನ ಮೇಲೆ ನೀರು ಇಳಿಯುವ ಮಾತು ಬಂದಾಗ ನನ್ನ ಬೆನ್ನು ನಿಜವಾಗಿಯೂ ಸೆಟೆಯಿತು. ಅಮ್ಮ ನನ್ನ ಕೈ ಹಿಡಿದು ಕಿವಿಯ ಹತ್ತಿರ ಬಗ್ಗಿದಳು.

"ಪಾಪ, ಆವತ್ತು ಅವ್ನೊಬ್ನೇ ಹೊತ್ತ. ನೀನೆಲ್ಲಿ ಹೋಗಿದ್ಯೋ ಮಗಾ?"

ಹೆಂಗಸರು ಸ್ಮಶಾನಕ್ಕೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಅಪ್ಪ ಹೋದ ದಿನ ಅವಳಿಗೆ ಮೈಮೇಲೆ ಎಚ್ಚರವೂ ಇರಲಿಲ್ಲ. ಅವಳು ಕಂಡದ್ದು ಅಣ್ಣ ಹೇಳಿದ್ದನ್ನು ಮಾತ್ರ. ಅದನ್ನೇ ಇಷ್ಟು ವರ್ಷ ಇಟ್ಟುಕೊಂಡಿದ್ದಳು.

ಅಷ್ಟರಲ್ಲಿ ನನ್ನನ್ನು ಕರೆದರು. ಶಾಲು ಹೊದಿಸಿ ಮೈಕಿನ ಮುಂದೆ ನಿಲ್ಲಿಸಿದರು. ಮನೆಯಲ್ಲಿ ಸಿದ್ಧಮಾಡಿಕೊಂಡು ಬಂದ ಮಾತು ನಾಲಿಗೆಯವರೆಗೂ ಬಂತು. ಮುಂದಿನ ಸಾಲಿನಲ್ಲಿ ಅಮ್ಮ ಫೋಟೋವನ್ನೇ ನೋಡುತ್ತಿದ್ದಳು. ಅದನ್ನು ಆಡಿದರೆ ಸತ್ತ ಮಗನ ಹೆಗಲಿನಿಂದ ಆ ಮಡಕೆಯನ್ನು ಅವಳ ಎದುರೇ ಕಿತ್ತುಕೊಂಡಂತೆ.

"ಅಣ್ಣನಿಗೆ ಮದುವೆ, ಮಕ್ಕಳು ಇರಲಿಲ್ಲ. ಹೋದ ತಿಂಗಳು ಅವನ ಮಡಕೆ ನಾನು ಹೊತ್ತೆ," ಎಂದೆ. "ನೀರು ತಣ್ಣಗಿತ್ತು."

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಣ್ಣನ ಧಾಟಿಯಲ್ಲೇ ಹೇಳಿದೆನೆಂದು ಕೆಳಗಿಳಿದ ಮೇಲೆ ಯಾರೋ ಹೊಗಳಿದರು. ನಾನು ಅಮ್ಮನ ಕೈ ಹಿಡಿದು ಹೊರಗೆ ಕರೆದುಕೊಂಡು ಬಂದೆ.

ಆಟೋದಲ್ಲಿ ಶಾಲನ್ನು ಅಮ್ಮನಿಗೆ ಹೊದಿಸಿದೆ. ಸಾರಕ್ಕಿ ಸಿಗ್ನಲ್ ಹತ್ತಿರ ಅವಳು ಮತ್ತೆ ಕೇಳಿದಳು.

"ಹೇಳ್ಲೇ ಇಲ್ವಲ್ಲೋ. ನಿಮ್ಮಪ್ಪನ್ ಜೊತೆ ಸ್ಮಶಾನಕ್ಕೆ ಯಾಕ್ ಹೋಗ್ಲಿಲ್ಲ ನೀನು?"

"ಕೆಲ್ಸ ಇತ್ತು ಕಣಮ್ಮ."

"ಯಾವಾಗ್ಲೂ ಕೆಲ್ಸವೇ ನಿಂಗೆ," ಎಂದು ಅಮ್ಮ ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡಳು.