ಆಚೆ ದಂಡೆಗೆ ಹೋದ ಹೊಲ

೧೨ ನವೆಂಬರ್ ೧೯೩೯, ಬೆಳಿಗ್ಗೆ ಏಳಕ್ಕೆ ಬರೆಯಲು ಕುಳಿತೆ.

ಗೋಕಾಕದಲ್ಲಿ ನಮ್ಮ ನೆರೆಮನೆಯ ಅಜ್ಜಿಯ ಹೊಲ ಘಟಪ್ರಭೆಯ ತಿರುವಿನಲ್ಲಿತ್ತು. ಪ್ರತಿ ಮಳೆಗಾಲ ಹೊಳೆ ಅದರ ದಂಡೆಯನ್ನು ಕೊರೆದು ಕೆಡವುತ್ತಿತ್ತು. ಎದುರು ದಂಡೆಗೆ ಹೊಸ ಮೆಕ್ಕಲು ಬೀಳುತ್ತಿತ್ತು. ಅಜ್ಜಿ ಹಣೆಗೆ ಕೈ ಅಡ್ಡ ಹಿಡಿದು, “ನನ್ನ ಹೊಲ ಅಲ್ಲೈತಿ ನೋಡ್ರಿ,” ಎನ್ನುತ್ತಿದ್ದಳು.

ಈಚೆ ಒಂದೇ ಪಟ್ಟಿ ಉಳಿದ ವರ್ಷ, ನೀರು ಇಳಿದ ಮೇಲೆ, ಬದನೆ ಸಸಿಗಳ ಬುಟ್ಟಿ ಹೊತ್ತು ಹೊಳೆ ದಾಟಿ ಆ ಮೆಕ್ಕಲಿನಲ್ಲಿ ನೆಡತೊಡಗಿದಳು. ಅಲ್ಲಿಯ ರೈತ ಓಡಿ ಬಂದ.

“ಏ ಆಯಿ, ಇದು ನಮ್ಮ ದಂಡಿ!”

“ದಂಡಿ ನಿಂದಪಾ, ಮಣ್ಣು ನಂದು. ಬೇಕಾದ್ರ ಹೊತ್ತು ಆಚಿ ಹಾಕಿ ಬಾ.”

ಅವನು ನಕ್ಕುಬಿಟ್ಟ. “ಹಚ್ಚು, ಹಚ್ಚು. ಅರ್ಧ ಬದನಿಕಾಯಿ ನಂದು.”

“ನೀರು ನೀ ಹಾಕಿದ್ರ,” ಎಂದಳು, ತಲೆಯೆತ್ತದೆ.

ಸಸಿ ಕಾಯಿ ಬಿಡುವ ಮೊದಲೇ ನಾವು ಹುಕ್ಕೇರಿಗೆ ಬಂದೆವು. ಮರುವರ್ಷದ ಹೊಳೆ ಆ ಮೆಕ್ಕಲನ್ನು ಅಜ್ಜಿಗೆ ಉಳಿಸಿತೇ? ಬಲ್ಲವರು ಬರೆದು ತಿಳಿಸಬೇಕು.