ತೂತು ಅಂಗಿಯ ಬ್ಯಾಟರಿ ಚಾಚಾ

ಅವರ ಅಂಗಿಯ ಮುಂಭಾಗ ಎಂದೂ ಇಡಿಯಾಗಿ ಇರುತ್ತಿರಲಿಲ್ಲ. ಎದೆಯಿಂದ ಹೊಟ್ಟೆಯವರೆಗೆ ಸಾಸಿವೆ ಗಾತ್ರದ ತೂತುಗಳು, ಎರಡು ಇಲ್ಲಿ, ಐದು ಅಲ್ಲಿ. ಬ್ಯಾಟರಿಯ ಆ್ಯಸಿಡ್ ಹನಿ ಸಿಡಿದಾಗ ಏನೂ ಕಾಣುವುದಿಲ್ಲ. ಬಟ್ಟೆ ಒಗೆದು ಹಿಂಡಿದ ಮೇಲೆ ನೋಡಿದರೆ ಅಷ್ಟು ಜಾಗದ ನೂಲು ಕರಗಿ ಹೋಗಿರುತ್ತದೆ. ದಾವಣಗೆರೆಯ ವಿನೋಬನಗರದ ನಮ್ಮ ಓಣಿಯ ತಿರುವಿನಲ್ಲಿ ಅವರ ಬ್ಯಾಟರಿ ಅಂಗಡಿ, ಅಲ್ಲಿಂದ ನಾಲ್ಕು ಮನೆ ದಾಟಿದರೆ ನನ್ನ ಹೊಲಿಗೆ ಮಷಿನ್ನು. ಆ ಅಂಗಿಗಳೆಲ್ಲ ರಫೂ ಹಾಕಲು ನನ್ನ ಬಳಿಗೇ ಬರುತ್ತಿದ್ದವು.

"ಹೊಸದು ತಗೊಳ್ರಿ ಚಾಚಾ, ಇದ್ರಾಗ ಬಟ್ಟೆಗಿಂತ ನನ್ನ ನೂಲೇ ಜಾಸ್ತಿ ಐತೆ" ಎಂದರೆ, "ಹೊಸದಕ್ಕೂ ತೂತು ಬೀಳ್ತಾವ ಬೇಟಿ. ಹಳೇದಾದ್ರ ಬೇಜಾರಾಗಲ್ಲ" ಎನ್ನುತ್ತಿದ್ದರು.

ಓಣಿಗೆಲ್ಲ ಅವರು ಬ್ಯಾಟರಿ ಚಾಚಾ. ನಾನೂ ಹಾಗೇ ಕರೆದೆ.

ಅವರು ನನ್ನ ಬದುಕಿನೊಳಗೆ ಬಂದದ್ದು ಅಕ್ಕನ ಕಾರಣದಿಂದ. ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ನಾವಿಬ್ಬರೂ ಬೆಳೆದದ್ದು ಕೈಯಲ್ಲಿ ಮಾತಾಡಿಕೊಂಡು. ಅವಳು ಮದುವೆಯಾಗಿ ಹರಿಹರಕ್ಕೆ ಹೋದ ಮೇಲೆ ಆ ಮಾತು ಫೋನಿನ ಪರದೆಗೆ ಬಂತು. ನಮ್ಮ ಓಣಿಯೊಳಗೆ ಮೊಬೈಲ್ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ, ಅವಳ ಮನೆಯಲ್ಲೂ ಅಷ್ಟೆ. ಆದ್ದರಿಂದ ಎರಡೂ ಮನೆಗೆ ವೈಫೈ ಹಾಕಿಸಿದೆವು. ಕರೆಂಟು ಹೋದರೆ ಬೇರೆಯವರ ಮನೆಯಲ್ಲಿ ಫ್ಯಾನು ನಿಲ್ಲುತ್ತದೆ. ನನಗೆ ಅಕ್ಕನೇ ನಿಂತುಬಿಡುತ್ತಿದ್ದಳು, ಪರದೆಯ ಮೇಲೆ, ಏನೋ ಹೇಳಲು ಎತ್ತಿದ ಕೈ ಎತ್ತಿದಂತೆಯೇ.

ಒಂದು ದಿನ ಹೋಗಿ, "ಚಾಚಾ, ಇನ್ವರ್ಟರ್ ಹಾಕಿಸ್ಬೇಕು" ಎಂದೆ. ಯಾಕೆ ಎಂದು ಕೇಳಿದರು. ಹೇಳಿದೆ. ಅವರು ಮಾರಾಟ ಬಿಟ್ಟು ಪಾಠಕ್ಕೆ ಕುಳಿತರು.

"ನಿನ್ನ ವೈಫೈ ಡಬ್ಬಿ ತಿನ್ನೋದು ಬರೀ ಹನ್ನೆರಡು ವೋಲ್ಟು. ಬ್ಯಾಟರಿ ಕೊಡೋದೂ ಹನ್ನೆರಡೇ. ಇನ್ವರ್ಟರ್ ಅದನ್ನ ಇನ್ನೂರಾ ಮೂವತ್ತು ಮಾಡ್ತೈತೆ. ಆಮ್ಯಾಲೆ ನಿನ್ನ ಅಡಾಪ್ಟರು ಅದನ್ನ ಮತ್ತ ಹನ್ನೆರಡಕ್ಕ ಇಳಿಸ್ತೈತೆ. ಹೊಲಿದಿದ್ದ ರವಿಕೆ ಬಿಚ್ಚಿ, ಮತ್ತ ಅದೇ ಅಳತೆಗೆ ಹೊಲಿದಂಗ. ಯಾಕ ಬೇಕು?"

ನನಗೆ ಕೂಡಲೇ ತಿಳಿಯಿತು. ಅಷ್ಟು ಚೆನ್ನಾಗಿ ಶಾಲೆಯಲ್ಲಿ ಯಾರೂ ನನಗೆ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆಯನ್ನು ಅವರೇ ಮಾಡಿಕೊಟ್ಟರು. ಒಳಗೆ ಬ್ಯಾಟರಿ. ಒಂದು ವೈರು ಗೋಡೆಯ ಸ್ವಿಚ್ಚಿಗೆ, ಚಾರ್ಜ್ ಆಗಲು. ಎರಡು ವೈರು ಹೊರಗೆ. "ಗ್ವಾಡಿ ಮ್ಯಾಲೆ ಇಂಟರ್ನೆಟ್ ಲೈನು ಬರೋ ಬಿಳಿ ಡಬ್ಬಿಗೆ ಒಂದು, ವೈಫೈಗೆ ಒಂದು. ಒಂದಕ್ಕೇ ಕೊಟ್ರ ದೀಪ ಉರಿತೈತೆ, ಮಾತು ಬರಂಗಿಲ್ಲ." ಕರೆಂಟು ಇದ್ದಾಗ ತುಂಬಿಕೊಳ್ಳುತ್ತದೆ, ಹೋದಾಗ ನಾಲ್ಕು ತಾಸು ನಡೆಸುತ್ತದೆ. ಇಷ್ಟೇ.

ಆಮೇಲೆ ನಾನು ಎರಡು ದಿನ ಕರೆಂಟು ಹೋಗಲಿ ಎಂದು ಕಾದೆ. ಹೋಗಲೇ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಅಕ್ಕ ತನ್ನ ಮನೆಯ ಬೆಕ್ಕಿನ ಕಥೆ ಹೇಳುತ್ತಿದ್ದಳು. ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ನಿಂತಿತು. ಅಕ್ಕ ನಿಲ್ಲಲಿಲ್ಲ. ಅವಳ ಕೈ ಬೆಕ್ಕಿನ ಬಾಲ ತೋರಿಸಿತು, ಮಗುಚಿದ ಹಾಲಿನ ಪಾತ್ರೆ ತೋರಿಸಿತು. ನಾನು ಚಪ್ಪಲಿ ಹಾಕದೆ ಓಡಿದೆ. "ಹೋತು ಚಾಚಾ, ಕರೆಂಟು ಹೋತು!" ಪಕ್ಕದ ಕಿರಾಣಿ ಅಂಗಡಿಯವರು, "ಹೋಗಿದ್ದಕ್ಕ ಇಷ್ಟ್ ಖುಷಿ ಪಡೋರನ್ನ ಇವತ್ತೇ ನೋಡಿದ್ದು" ಎಂದರು. ಚಾಚಾ ನಗಲಿಲ್ಲ. ಕೈಯಲ್ಲಿದ್ದ ಕೆಲಸ ಕೆಳಗಿಟ್ಟು, "ಬೆಳಕು ಹೋದ್ರ ಹೋಗ್ಲಿ, ಮಾತು ಹೋಗಬಾರ್ದು" ಎಂದರು. ಮುಂದೆ ಆ ಮಾತನ್ನು ಅವರ ಬಾಯಲ್ಲಿ ನೂರು ಸಲ ಕೇಳಿದ್ದೇನೆ.

ಫೋನು ಹಿಡಿದೇ ಓಡಿದ್ದೆ. ಸಂಪರ್ಕ ಕಡಿದಿತ್ತು. ಮನೆಗೆ ಮರಳಿ, ಅವರನ್ನೂ ಕರೆದು ಕೂರಿಸಿ, ಅಕ್ಕನಿಗೆ ತೋರಿಸಿದೆ. ಅವಳು ಅವರನ್ನು ದಿಟ್ಟಿಸಿ ನೋಡಿದಳು. ನಂತರ ತನ್ನ ಎದೆಯ ಮೇಲೆ ಬೆರಳ ತುದಿಯಿಂದ ಮೂರು ಸಲ ಚುಚ್ಚಿ ತೋರಿಸಿದಳು. ಟಪ್, ಟಪ್, ಟಪ್. ಅಂಗಿಯ ತೂತುಗಳು. ಕೈಯಲ್ಲಿ ಮಾತಾಡುವವರು ಎಲ್ಲರಿಗೂ ಒಂದು ಹೆಸರು ಕೊಡುತ್ತಾರೆ. ಅದು ಅವರ ಹೆಸರಾಯಿತು. "ಏನಂದ್ಲು?" ಎಂದು ಕೇಳಿದರು. ಹೇಳಿದೆ. ಬಹಳ ಹೊತ್ತು ನಕ್ಕರು. ಅಂದಿನಿಂದ ಪರದೆಯಲ್ಲಿ ಅಕ್ಕ ಕಂಡಾಗಲೆಲ್ಲ ತಮ್ಮ ಎದೆಗೆ ತಾವೇ ಮೂರು ಸಲ ಚುಚ್ಚಿಕೊಂಡು ಸಲಾಂ ಮಾಡುತ್ತಿದ್ದರು.

ಅಕ್ಕ ಕಂಪ್ಯೂಟರಿನಲ್ಲಿ ಫೋಟೋ ತಿದ್ದುವ ಕೆಲಸ ಕಲಿತಿದ್ದಳು. ಎಂಟು ಕಡೆ ಅರ್ಜಿ ಹಾಕಿದ್ದಳು. ಎಲ್ಲರೂ ಫೋನಿನಲ್ಲಿ ಮಾತಾಡಿ ಎನ್ನುವವರೇ. ಕೊನೆಗೆ ಒಂದು ಕಂಪನಿಯವರು, ಕೈಭಾಷೆ ಬಲ್ಲವರನ್ನು ಕೂರಿಸಿಕೊಂಡು ವಿಡಿಯೋದಲ್ಲಿ ಸಂದರ್ಶನ ಮಾಡುತ್ತೇವೆ ಎಂದರು. ಮನೆಯಿಂದಲೇ ಮಾಡುವ ಕೆಲಸ, ಆದ್ದರಿಂದ ಆ ಮನೆಯಿಂದಲೇ ಕೂರಬೇಕು, ಲೈನು ಹೇಗಿದೆ ನಾವೂ ನೋಡಬೇಕು ಎಂದರು. ಚಾಚಾ ಹರಿಹರಕ್ಕೆ ಹೋಗಿ ಅಲ್ಲಿಗೂ ಒಂದು ಪೆಟ್ಟಿಗೆ ಕೂರಿಸಿ ಬಂದರು. ಅದಾದ ನಾಲ್ಕನೆಯ ದಿನ ಸಂದರ್ಶನ, ಬೆಳಿಗ್ಗೆ ಹನ್ನೊಂದೂವರೆಗೆ. ಅದೇ ದಿನ ಹತ್ತರಿಂದ ಐದರವರೆಗೆ ಹರಿಹರದಲ್ಲಿ ಕರೆಂಟು ಇರುವುದಿಲ್ಲ ಎಂದು ಪೇಪರಿನಲ್ಲಿ ಬಂತು. ದಿನ ಬದಲಿಸಿ ಎಂದು ಕೇಳಲು ಅಕ್ಕ ಒಪ್ಪಲಿಲ್ಲ. ಮೊದಲ ದಿನವೇ ತಕರಾರು ಅನ್ನುತ್ತಾರೆ ಎಂದಳು. "ಇರ್ಲಿ ಬಿಡು, ಪೆಟ್ಟಿಗೆ ಐತಲ್ಲ" ಎಂದರು ಚಾಚಾ.

ಆ ದಿನ ಹತ್ತು ಗಂಟೆ ದಾಟಿ ಹತ್ತು ನಿಮಿಷಕ್ಕೆ ಅಕ್ಕನಿಂದ ಒಂದು ಸಂದೇಶ ಬಂತು, ತುಂಡು ಸಿಗ್ನಲ್ಲಿನಲ್ಲಿ ಹೇಗೋ ನುಸುಳಿ. "ಕರೆಂಟು ಹೋಯಿತು. ಪೆಟ್ಟಿಗೆಯೂ ಹೋಯಿತು."

ನಾನು ಅಂಗಡಿಗೆ ಹೋದಾಗ ನನ್ನ ಮುಖ ನೋಡಿಯೇ ಎದ್ದರು. ಸಂದೇಶ ಓದಿದ ಮೇಲೆ ಅವರ ಮುಖ ನೋಡಲಾಗಲಿಲ್ಲ. "ನನ್ನ ಕೈಕೆಲ್ಸ ಹಿಂಗ್ ಮಾಡಂಗಿಲ್ಲ ಬೇಟಿ." ಚೀಲಕ್ಕೆ ಮೀಟರು, ವೈರು, ಸ್ಪ್ಯಾನರು ತುಂಬಿದರು. ಅಂಗಡಿಯಲ್ಲಿದ್ದವೆಲ್ಲ ದೊಡ್ಡ ಬ್ಯಾಟರಿಗಳು, ಸ್ಕೂಟರಿನ ಮೇಲೆ ಒಯ್ಯುವಂಥದ್ದು ಒಂದೂ ಇರಲಿಲ್ಲ. "ನಡಿ, ಅಲ್ಲೇ ನೋಡಣ" ಎಂದು ತಮ್ಮ ಹಳೆಯ ಸ್ಕೂಟರು ಒದ್ದರು.

ಹರಿಹರದ ದಾರಿ ಅಷ್ಟು ಉದ್ದ ಎಂದು ನನಗೆ ಅಂದು ಗೊತ್ತಾಯಿತು. ಹುಲ್ಲು ಹೇರಿದ ಟ್ರ್ಯಾಕ್ಟರು ಒಂದು ದಾಟಿದರೆ ಇನ್ನೊಂದು. ಚಾಚಾ ಹಾರನ್ನಿನಿಂದ ಕೈ ತೆಗೆಯಲಿಲ್ಲ. ನಾನು ಹಿಂದೆ ಕುಳಿತು ಫೋನಿನ ಗಡಿಯಾರ ನೋಡುತ್ತಿದ್ದೆ. ಹತ್ತೂಮುಕ್ಕಾಲು. ಹತ್ತು ಐವತ್ತೆರಡು. ಅಕ್ಕನ ಬಾಗಿಲಿಗೆ ಮುಟ್ಟಿದಾಗ ಹನ್ನೊಂದು ಹೊಡೆದು ಎರಡು ನಿಮಿಷ.

ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಾಗಿಲಲ್ಲೇ ನಿಂತಿದ್ದಳು. ಅವಳ ಕೈಗಳು ಸುಮ್ಮನಿದ್ದವು. ಭಾವ ಕೆಲಸಕ್ಕೆ ಹೋಗಿದ್ದರು. ಚಾಚಾ ಪೆಟ್ಟಿಗೆಗೆ ಮೀಟರು ಇಟ್ಟು ನೋಡಿದರು. "ಕೆಟ್ಟಿಲ್ಲ. ಖಾಲಿ ಐತೆ. ಹೆಂಗೆ ಖಾಲಿ ಆತು?"

ಅಕ್ಕನ ಅತ್ತೆ ಒಳಗಿನಿಂದ ಬಂದರು. "ಸಾಬ್ರೆ, ಸ್ವಿಚ್ ಆರ್ಸಿದ್ದು ನಾನು. ಕರೆಂಟು ವಾಪಸ್ ಬರೋವಾಗ ಜೋರಾಗಿ ಬರ್ತೈತೆ. ನಮ್ಮ ಟೀವಿ ಹಂಗೇ ಸುಟ್ಟೋತು. ಪೇಪರ್ನಾಗ ಓದಿದ್ದೆ, ಅದಕ್ಕ ಹುಡುಗಿ ಡಬ್ಬಿ ಸುಡಬಾರ್ದು ಅಂತ ಬೆಳಿಗ್ಗೆ ಆರಕ್ಕೇ ಆರ್ಸಿದೆ. ಹಸಿರು ದೀಪ ಉರೀತಾನೇ ಇತ್ತಲ್ರಿ?"

ಉರಿಯುತ್ತಲೇ ಇತ್ತು. ಬ್ಯಾಟರಿಯಿಂದ. ಆರರಿಂದ ಹತ್ತು, ಸರಿಯಾಗಿ ನಾಲ್ಕು ತಾಸು. ಕರೆಂಟು ಇರುವಾಗಲೇ ಪೆಟ್ಟಿಗೆ ತನ್ನ ಕೆಲಸವೆಲ್ಲ ಮುಗಿಸಿಬಿಟ್ಟಿತ್ತು.

ನನಗೆ ಸಿಟ್ಟು ಬಂತು. ಚಾಚಾ ನನ್ನ ಕಡೆ ನೋಡದೆ ಹೇಳಿದರು: "ನಿಮ್ದೇನು ತಪ್ಪಿಲ್ರಿ ಅಮ್ಮಾರೇ. ಆರಿಸಬ್ಯಾಡ್ರಿ ಅಂತ ನಾನು ಹೇಳ್ಬೇಕಿತ್ತು. ಹೇಳಿಲ್ಲ."

ಆಮೇಲೆ ಅವರು ಹೊರಗೆ ಹೋಗಿ ಸ್ಕೂಟರಿನ ಪಕ್ಕದ ಮುಚ್ಚಳ ಬಿಚ್ಚತೊಡಗಿದರು. ಅಲ್ಲಿಯವರೆಗೆ ನಾವು ಕುಳಿತು ಬಂದದ್ದೇ ಒಂದು ಬ್ಯಾಟರಿಯ ಮೇಲೆ ಎಂಬುದು ನನಗೆ ಹೊಳೆದಿರಲಿಲ್ಲ. "ಇದೂ ಹನ್ನೆರಡೇ" ಎಂದರು. ಬ್ಯಾಟರಿ ಒಳಗೆ ಬಂತು. ವೈರು ಕಟ್ಟಿದರು. ಒಂದು ಬೋಲ್ಟಿನ ತಿರುಪು ಸವೆದಿತ್ತು, ಎಷ್ಟು ತಿರುವಿದರೂ ಬಿಗಿಯಾಗಲಿಲ್ಲ. ಹಸಿರು ದೀಪ ಹತ್ತುವುದು, ಆರುವುದು. ಹನ್ನೊಂದು ಇಪ್ಪತ್ತಾರು. ಚಾಚಾ ನೆಲದ ಮೇಲೆ ಕುಳಿತು, ವೈರನ್ನು ಬಲಗೈ ಹೆಬ್ಬೆರಳಿನಿಂದ ಬ್ಯಾಟರಿಗೆ ಒತ್ತಿ ಹಿಡಿದರು. ದೀಪ ಹತ್ತಿತು. ನಿಂತಿತು.

"ಚಾಚಾ, ಕರೆಂಟು…"

"ಹನ್ನೆರಡು ವೋಲ್ಟು ಕಡಿಯಂಗಿಲ್ಲ. ನೀ ಆಕೀನ ಕಿಟಕಿಗೆ ಮುಖ ಮಾಡಿ ಕೂಡ್ಸು. ಬೆಳಕು ಕೈಮ್ಯಾಲೆ ಬೀಳ್ಬೇಕು."

ಸಂದರ್ಶನ ನಲವತ್ತು ನಿಮಿಷ ನಡೆಯಿತು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಕ್ಕನ ಕೈಗಳು ಮೊದಲು ಹೆದರುತ್ತಾ ಎದ್ದವು, ಆಮೇಲೆ ಓಡಿದವು. ಒಮ್ಮೆ ಪರದೆಯ ಆಚೆಯವರೆಲ್ಲ ನಕ್ಕರು. ಅವಳು ಬೆಕ್ಕಿನ ಕಥೆ ಹೇಳಿದ್ದಳು. ಅತ್ತೆ ಚಾಚಾ ಮುಂದೆ ಒಗ್ಗರಣೆ ಮಂಡಕ್ಕಿ ತಂದಿಟ್ಟರು. ಎಡಗೈಯಲ್ಲಿ ತಿನ್ನುವಂತಿಲ್ಲ, ಬಲಗೈ ಬಿಡುವಂತಿಲ್ಲ. ಮಂಡಕ್ಕಿ ಅಲ್ಲೇ ಮೆತ್ತಗಾಯಿತು. ಅವರು ಹೆಬ್ಬೆರಳು ಬದಲಿಸಲಿಲ್ಲ. ಕೊನೆಗೆ ತೆಗೆದಾಗ ಉಗುರಿನ ಕೆಳಗೆ ವೈರಿನ ಗುರುತು ನೀಲಿಯಾಗಿ ಮೂಡಿತ್ತು.

ಸಂಜೆಯವರೆಗೆ ಬೇಕಾದೀತು ಎಂದು, ಈಗ ಸಮಾಧಾನವಾಗಿ ವೈರನ್ನು ದಾರದಿಂದ ಬಿಗಿದು ಕಟ್ಟಿ, ಬ್ಯಾಟರಿಯನ್ನು ಅಲ್ಲೇ ಬಿಟ್ಟರು. ಹಳೆಯ ಗಾಡಿ, ಒದ್ದರೆ ಶುರುವಾಯಿತು. ಹಾರನ್ ಮಾತ್ರ ಇಲ್ಲ. ಹರಿಹರದಿಂದ ದಾವಣಗೆರೆವರೆಗೆ ಚಾಚಾ ಬಾಯಲ್ಲೇ ಕೂಗುತ್ತಾ ಬಂದರು. "ಸರೀರಿ, ಸರೀರಿ, ಬ್ಯಾಟರಿ ಇಲ್ಲದ ಗಾಡಿ!" ಅರ್ಧ ದಾರಿಯಲ್ಲಿ ಗಂಟಲು ಕಟ್ಟಿತು. "ಈಗ ನೀ ಕೂಗು ಬೇಟಿ." ಜೋರಾಗಿ ಮಾತಾಡಿದವಳೇ ಅಲ್ಲ ನಾನು. ಮನೆಯಲ್ಲಿ ಕೂಗುವ ಅಗತ್ಯವೇ ಬಿದ್ದಿರಲಿಲ್ಲ. ಅಂದು ಕೂಗಿದೆ. ಎಮ್ಮೆಗಳಿಗೆ, ಆಟೋಗಳಿಗೆ, ಒಬ್ಬ ಪೊಲೀಸಿನವನಿಗೂ ಸರೀರಿ ಎಂದೆ. ಅಷ್ಟು ಸಂತೋಷದಿಂದ ಮತ್ತೆಂದೂ ಆ ರಸ್ತೆಯಲ್ಲಿ ಬಂದಿಲ್ಲ.

ವಾರದ ಮೇಲೆ ಅಕ್ಕನಿಗೆ ಕೆಲಸ ಸಿಕ್ಕಿತು.

ನಾನು ದಪ್ಪ ಬಟ್ಟೆಯಲ್ಲಿ ಅಕ್ಕನ ಮನೆಯ ಸ್ವಿಚ್ಚಿಗೆ ಒಂದು ಗವಸು ಹೊಲಿದು, ಸುತ್ತಲೂ ಇಲಾಸ್ಟಿಕ್ ಹಾಕಿ ಕಳಿಸಿದೆ. ಅದು ಸ್ವಿಚ್ಚಿನ ಮೇಲಿದ್ದರೆ ಯಾರ ಕೈಯೂ ಅಭ್ಯಾಸಬಲದಿಂದ ಆರಿಸಲು ಹೋಗುವುದಿಲ್ಲ. ಚಾಚಾ ಅದನ್ನು ನೋಡಿದವರೇ, "ಪೆಟ್ಟಿಗೆಗೊಂದು ಇಂಥದ್ದು ಹೊಲ್ಕೊಡು" ಎಂದರು. ಪೆಟ್ಟಿಗೆ ಒಯ್ಯುವವರಿಗೆಲ್ಲ ಗವಸು ತೋರಿಸಿ, "ಬ್ಯಾಟರಿಗೆ ರೋಜಾ ಉಪವಾಸ ಮಾಡಿಸಬ್ಯಾಡ್ರಿ. ಇದನ್ನ ತೆಗೀಬ್ಯಾಡ್ರಿ" ಎಂದು ಹೇಳಿಯೇ ಕಳಿಸುತ್ತಿದ್ದರು. ಹೇಳದೆ ಕಳಿಸಿದ್ದು ಅವರ ಪ್ರಕಾರ ಜೀವನದಲ್ಲಿ ಒಂದೇ ಸಲ.

ಹೋದ ಚಳಿಗಾಲದಲ್ಲಿ ಒಂದು ಮಧ್ಯಾಹ್ನ, ನಮಾಜು ಮುಗಿಸಿ ಬಂದು ಅಂಗಡಿಯ ಕಟ್ಟೆಯ ಮೇಲೆ ಕುಳಿತವರು ಮತ್ತೆ ಏಳಲಿಲ್ಲ. ಎದೆ ನಿಂತಿತು ಎಂದರು ಡಾಕ್ಟರು. ಅವರ ಒಂದು ಅಂಗಿ ನನ್ನ ಮಷಿನ್ನಿನ ಮೇಲಿತ್ತು. ಏಳು ತೂತುಗಳಲ್ಲಿ ನಾಲ್ಕು ಮುಚ್ಚಿದ್ದೆ.

ಮಣ್ಣು ಮುಗಿದ ಮರುದಿನ ಅಕ್ಕನಿಗೆ ಹೇಳಬೇಕಾಗಿತ್ತು. ಬರೆದು ಕಳಿಸಲು ಮನಸ್ಸಾಗಲಿಲ್ಲ. ವಿಡಿಯೋ ಹಚ್ಚಿದೆ. ಎದೆಗೆ ಮೂರು ಸಲ ಚುಚ್ಚಿ ತೋರಿಸಿದೆ. ಅವಳು ನಕ್ಕಳು, ಎಲ್ಲಿದ್ದಾರೆ ಎಂದು ನನ್ನ ಭುಜದಾಚೆ ನೋಡಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ಒಂದು ಗಳಿಗೆ, ಪರದೆ ನಿಂತುಬಿಡಲಿ, ನಾನು ಇದನ್ನು ಹೇಳದೆ ಉಳಿಯಲಿ ಎಂದು ಬಯಸಿದೆ. ಅದು ನಿಲ್ಲಲಿಲ್ಲ. ಅವರು ಮಾಡಿದ ಪೆಟ್ಟಿಗೆ ಅದು, ನಿಲ್ಲುವಂಥದ್ದಲ್ಲ. ಅಕ್ಕ ಕಾಯುತ್ತಿದ್ದಳು. ಹೇಳಿದೆ.

ಅಂಗಿ ಕೊಡಲು ಮನೆಗೆ ಹೋದಾಗ ಅವರ ಹೆಂಡತಿ, ನಮ್ಮ ಚಾಚಿ, "ನಿನ್ನ ನೂಲೇ ಐತಲ್ಲ ಅದ್ರಾಗ, ನೀನೇ ಇಟ್ಕ ಬೇಟಿ" ಎಂದರು. ಉಳಿದ ಮೂರು ತೂತುಗಳನ್ನು ನಾನು ಮುಚ್ಚಲಿಲ್ಲ. ಅಷ್ಟು ಜಾಗ ಕತ್ತರಿಸಿ, ನಮ್ಮ ಮನೆಯ ಸ್ವಿಚ್ಚಿಗೆ ಗವಸು ಹೊಲಿದೆ. ಕರೆಂಟು ಇದ್ದಾಗ ಸ್ವಿಚ್ಚಿನ ಕೆಂಪು ದೀಪ ಆ ಮೂರು ತೂತುಗಳಿಂದ ಕಾಣುತ್ತದೆ. ಮೊನ್ನೆ ಅಕ್ಕ ಪರದೆಯಲ್ಲಿ ಅದನ್ನು ಕಂಡು, ಮಾತು ನಿಲ್ಲಿಸಿ, ಎದೆಗೆ ಮೂರು ಸಲ ಚುಚ್ಚಿ ಸಲಾಂ ಮಾಡಿದಳು.