ದೇವಕಿಯ ಹಿಡಿಯಕ್ಕಿ

ಇವತ್ತು ನಮ್ಮ ಮನೆಗೆ ಅಕ್ಕಿ ಕಡ ಕೇಳಲು ಬಂದವರು ಯಾರು ಗೊತ್ತೇ, ಗೆಳೆಯರೇ? ಸಾಕ್ಷಾತ್ ಊರಿನ ಪಟೇಲರ ಹೆಂಡತಿ. ಮನೆ ತುಂಬ ನೆಂಟರಂತೆ, ರೇಶನ್ ಅಕ್ಕಿ ಮುಗಿದಿದೆಯಂತೆ.

ನನ್ನದು ಶಾಲಾ ಮಾಸ್ತರನ ಸಂಬಳ. ಆದರೂ ನನ್ನ ಹೆಂಡತಿ ದೇವಕಿ ಗಂಜಿಗೆ ಅಕ್ಕಿ ಅಳೆದಾಗಲೆಲ್ಲ ಅದರಿಂದ ಒಂದು ಹಿಡಿ ತೆಗೆದು ಬೇರೆ ಮಡಕೆಗೆ ಹಾಕುತ್ತಾಳೆ. ಅದನ್ನು ಕಂಡು ಹಿಂದೊಮ್ಮೆ ನಕ್ಕವರೂ ಇದೇ ಅಮ್ಮ.

ದೇವಕಿ ಆ ಮಡಕೆಯಿಂದಲೇ ಎರಡು ಸೇರು ಅಳೆದಳು. ಕೊಡುವ ಮೊದಲು ಅದರಿಂದಲೂ ಒಂದು ಹಿಡಿ ತೆಗೆದು ಮಡಕೆಗೆ ಹಾಕಿದಳು.

"ಇದೆಂತ ದೇವಕಿ, ನನಗೆ ಕೊಡುವುದರಲ್ಲಿಯೂ?"

"ದಿನಾ ಹೀಗೆ ತೆಗೆದಿಟ್ಟದ್ದಕ್ಕೇ ಅಕ್ಕ, ಇವತ್ತು ನಿಮಗೆ ಕೊಡ್ಲಿಕ್ಕೆ ಉಂಟು."

ಪಟೇಲರ ಹೆಂಡತಿ ಈ ಸಲ ನಗಲಿಲ್ಲ. ನಾನು ಜಗಲಿಯಲ್ಲಿ ಕೂತು ಮೀಸೆ ತಿರುವಿದೆ, ಆ ಮಡಕೆ ತುಂಬಿಸಿದವನು ನಾನೇ ಎಂಬಂತೆ.